ಬ್ರೇಕಿನ ದೀಪ

ಮನೆಯಿಂದ,
ಬುಧವಾರ ಸಂಜೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಅಕ್ಕನ ಮಗುವನ್ನು ಇಡೀ ದಿನ ಎತ್ತಿಕೊಂಡೇ ಓಡಾಡುತ್ತೀಯೆಂದು ಭಾವ ಫೋನಿನಲ್ಲಿ ಚಾಡಿ ಹೇಳಿದರು. ಕೆಳಗೆ ಮಲಗಿಸಿದರೆ ಮಗು ಸವೆದುಹೋಗುವುದಿಲ್ಲ, ಸ್ವಲ್ಪ ಹೊತ್ತಾದರೂ ಮಲಗಿಸು. ನಾನು ಚೆನ್ನಾಗಿದ್ದೇನೆ. ಔಷಧಿ ಅಂಗಡಿಯಲ್ಲಿ ಈ ವಾರ ನನಗೆ ಬೆಳಗಿನ ಪಾಳಿ. ಅಡುಗೆ ನಡೆಯುತ್ತಿದೆ, ಹೇಗೆ ನಡೆಯುತ್ತಿದೆ ಎಂದು ಮಾತ್ರ ಕೇಳಬೇಡ. ಫೋನ್ ಮಾಡುವುದು ಬಿಟ್ಟು ಕಾಗದ ಬರೆಯಲು ಇವಳಿಗೇನು ಬಂತು ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಕಟ್ಟಿಕೊಳ್ಳುತ್ತೀಯ. ಇಲ್ಲಿ ಅಪ್ಪನೋ, ನಾನು ಫೋನ್ ಕಿವಿಗಿಟ್ಟ ಕೂಡಲೇ "ಯಾರೇ ಅದು, ನಿಮ್ಮಮ್ಮನಾ" ಎಂದು ಬಂದು ನಿಲ್ಲುತ್ತಾರೆ. ಎದುರುಮನೆಯ ಟೈಲರ್ ಮಾಮ ನಾಳೆ ಬೆಳಿಗ್ಗೆ ನಿಮ್ಮ ಕಡೆಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಒಬ್ಬಳೇ ಕೂತು ಓದು. ಅಕ್ಕನಿಗೆ ಆಮೇಲೆ ಹೇಳಿದರಾಯಿತು.

ಭಾನುವಾರ ನಿನ್ನನ್ನು ಕರೆತರಲು ಅಪ್ಪ ಕಾರು ತೆಗೆದುಕೊಂಡು ಬರುತ್ತಾರಲ್ಲ, ವಿಷಯ ಅದರದ್ದೇ. ಹೋದ ವಾರ ಒಂದು ರಟ್ಟಿನ ಡಬ್ಬ ತಂದು ಊಟದ ಮೇಜಿನ ಮೇಲಿಟ್ಟು, "ಕ್ರೂಸ್ ಕಂಟ್ರೋಲ್ ಕಣೇ" ಎಂದರು. ದೊಡ್ಡ ಕಾರುಗಳಿಗೆ ಕಂಪನಿಯವರೇ ಹಾಕಿ ಕೊಡುತ್ತಾರಂತೆ, ನಮ್ಮಂಥ ಹಳೆಯ ಕಾರಿನವರು ಹೊರಗಿನಿಂದ ಕಿಟ್ ತಂದು ಜೋಡಿಸಿಕೊಳ್ಳಬೇಕಂತೆ. ನೇರ ರಸ್ತೆಯಲ್ಲಿ ಬೇಕಾದ ವೇಗಕ್ಕೆ ಬಂದು ಗುಂಡಿ ಒತ್ತಿದರೆ ಸಾಕು, ಕಾರು ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ಆರಾಮಾಗಿ ಕೂರಬಹುದು. ಬ್ರೇಕ್ ಒತ್ತಿದರೆ ಅದು ತಾನಾಗಿಯೇ ಬಿಟ್ಟುಕೊಡುತ್ತದೆ. "ಅಷ್ಟು ದೂರ ಓಡಿಸ್ಬೇಕು, ಮಂಡಿಗೆ ಸ್ವಲ್ಪ ರೆಸ್ಟು" ಎಂದರು. ಗ್ಯಾರೇಜಿನಲ್ಲಿ ಹಾಕಿಸೋಣ ಎಂದೆ. "ಅರ್ಧ ಊರಿಗೆ ಕಾರು ಕಲಿಸಿದವನು ನಾನು, ನನ್ನ ಕಾರಿಗೆ ಇನ್ನೊಬ್ಬ ಕೈ ಹಾಕ್ಬೇಕಾ" ಎಂದು ನನ್ನ ಬಾಯಿ ಮುಚ್ಚಿಸಿದರು. ಡ್ರೈವಿಂಗ್ ಸ್ಕೂಲ್ ಮುಚ್ಚಿ ಇಷ್ಟು ಕಾಲವಾದರೂ ಮೇಷ್ಟ್ರ ಗತ್ತು ಇಳಿದಿಲ್ಲ. ಅರ್ಧ ಊರಿಗೆ ಕಲಿಸಿದವರು ಹೆತ್ತ ಮಗಳಿಗೆ ಮಾತ್ರ ಕಲಿಸಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಎರಡನೆಯ ಪಾಠಕ್ಕೇ ಇಬ್ಬರೂ ಕಿತ್ತಾಡಿ, ಕಾರನ್ನು ರಸ್ತೆಯಲ್ಲೇ ಬಿಟ್ಟು, ಬೇರೆ ಬೇರೆ ದಾರಿಯಲ್ಲಿ ನಡೆದು ಮನೆಗೆ ಬಂದದ್ದು ನಿನಗೆ ಮರೆತಿರಲಾರದು.

ನಿನ್ನೆ ನನಗೆ ರಜೆಯಿತ್ತು. ಬೆಳಿಗ್ಗೆಯೇ ಬ್ಯಾಟರಿಯ ವೈರು ಬಿಚ್ಚಿ ಕೆಲಸ ಶುರು ಮಾಡಿದೆವು. ನನ್ನ ಕೈ ಸಣ್ಣದೆಂದು ಸ್ಟೇರಿಂಗ್ ಕೆಳಗೆ ನುಗ್ಗುವ ಕೆಲಸ ನನ್ನದು, ಪುಸ್ತಕ ನೋಡಿ ಹೇಳುವ ಮತ್ತು ಬೈಯುವ ಕೆಲಸ ಅಪ್ಪನದು. ಅಲ್ಲಿ ಒಳಗೆ ಎಷ್ಟು ವೈರುಗಳಿವೆ ಗೊತ್ತಾ ಅಮ್ಮಾ, ನಿನ್ನ ಹೊಲಿಗೆ ಡಬ್ಬಿಯ ತಳದಲ್ಲಿ ಸಿಕ್ಕುಬಿದ್ದ ದಾರದ ಹಾಗೆ. ಆಕ್ಸಿಲರೇಟರ್ ಪೆಡಲಿನ ಪ್ಲಗ್ ಕಿತ್ತು, ನಡುವೆ ಕಿಟ್ಟಿನ ಪ್ಲಗ್ ಸೇರಿಸಿದೆವು. ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆಯನ್ನು ಒಳಗೆ ಬಿಗಿದು ಕಟ್ಟಿದೆವು. ಗುಂಡಿಗಳಿರುವ ಕಡ್ಡಿಯನ್ನು ಅಪ್ಪ ಸ್ಟೇರಿಂಗ್ ಪಕ್ಕ ಕೂರಿಸಿದರು, ಸೊಟ್ಟಗೆ. ಸೊಟ್ಟಗಿದೆ ಎಂದೆ. "ನಿನ್ನ ಕತ್ತು ಸೊಟ್ಟಗಿದೆ, ಅದಕ್ಕೇ ಹಾಗೆ ಕಾಣ್ತಿದೆ" ಎಂದರು. ಅಲ್ಲಿಯವರೆಗೆ ಎಲ್ಲ ನಗುನಗುತ್ತಲೇ ನಡೆಯಿತು.

ಕೊನೆಗೆ ಉಳಿದದ್ದು ಬ್ರೇಕಿನ ವೈರು. ಬ್ರೇಕ್ ಒತ್ತಿದ್ದು ಆ ಪೆಟ್ಟಿಗೆಗೆ ತಿಳಿಯಬೇಕು, ತಿಳಿಯದಿದ್ದರೆ ಹಿಡಿದ ವೇಗವನ್ನು ಅದು ಬಿಡುವುದಿಲ್ಲ. ಜೋಡಣೆ ಸರಿಯಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಪೆಟ್ಟಿಗೆಯ ಮೇಲೊಂದು ಚಿಕ್ಕ ಕೆಂಪು ದೀಪ ಹತ್ತುತ್ತದೆ. ಬ್ಯಾಟರಿಯ ವೈರು ಮತ್ತೆ ಕೊಟ್ಟು ಅಪ್ಪ ಸೀಟಿನಲ್ಲಿ ಕೂತರು. ನಾನು ತೆರೆದ ಬಾಗಿಲ ಪಕ್ಕ ನೆಲದ ಮೇಲೆ ಮಂಡಿಯೂರಿ, ಪೆಟ್ಟಿಗೆಯ ಮೇಲೆ ಟಾರ್ಚ್ ಬಿಟ್ಟುಕೊಂಡು ನೋಡುತ್ತಿದ್ದೆ. "ಒತ್ತಿದೀನಿ, ದೀಪ ಬಂತಾ?" ಇಲ್ಲ ಎಂದೆ. ವೈರು ಬಿಚ್ಚಿ ಮತ್ತೆ ಹೊಸೆದು ಟೇಪು ಸುತ್ತಿದೆ. "ಈಗ?" ಇಲ್ಲ. ಕಾರಿನ ಹಿಂದೆ ಹೋಗಿ ನೋಡಿದರೆ ಹಿಂದಿನ ದೀಪಗಳೂ ಹತ್ತಿಲ್ಲ. "ಹಾಗಾದ್ರೆ ಬ್ರೇಕಿನ ಸ್ವಿಚ್ಚೇ ಹೋಗಿದೆ" ಎಂದು ಅಪ್ಪ ನಡೆದುಕೊಂಡೇ ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಸ್ವಿಚ್ ತಂದರು. ಅದನ್ನೂ ಹಾಕಿದೆವು. ಆಗಲೂ ಇಲ್ಲ. ಇಬ್ಬರಿಗೂ ಹಸಿವು, ಅದರ ಮೇಲೆ ಸಿಟ್ಟು. ಕಿಟ್ ಮಾಡಿದವನ ವಂಶವನ್ನೆಲ್ಲ ಅಪ್ಪ ಜಾಲಾಡಿಬಿಟ್ಟರು.

ಅಷ್ಟರಲ್ಲಿ ಟಾರ್ಚ್ ನನ್ನ ಕೈಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಬೆಳಕು ಅಪ್ಪನ ಬಲಗಾಲಿನ ಮೇಲೆ ಬಿದ್ದಿತ್ತು. ಅಮ್ಮಾ, ಅವರ ಬೂಟು ಬ್ರೇಕಿನ ಮೇಲೆ ಇರಲೇ ಇಲ್ಲ. ಪೆಡಲಿನ ಪಕ್ಕದಲ್ಲಿ, ರಬ್ಬರ್ ಮ್ಯಾಟಿನ ಮೇಲಿತ್ತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಮ್ಯಾಟನ್ನು ಒತ್ತುತ್ತಿದ್ದರು. ತಲೆಯೆತ್ತಿ ಅವರ ಮುಖ ನೋಡಿದೆ, ಒಂದಿಷ್ಟಾದರೂ ಅನುಮಾನ ಬೇಡವೇ? "ಒತ್ತಿದೀನಲ್ಲೇ, ಇನ್ನೆಷ್ಟು ಒತ್ಲಿ" ಎಂದರು. ಕೈ ಚಾಚಿ ಪೆಡಲನ್ನು ನಾನೇ ಒತ್ತಿದೆ. ದೀಪ ಹತ್ತಿತು. "ಬಂತು ಅಪ್ಪಾ" ಎಂದುಬಿಟ್ಟೆ. "ನೋಡ್ದಾ, ಹೊಸ ಸ್ವಿಚ್ಚು, ಕೂರೋಕೆ ಸ್ವಲ್ಪ ಹೊತ್ತು ಬೇಕಿತ್ತು" ಎನ್ನುತ್ತಾ ಅವರು ಖುಷಿಯಿಂದ ಎದ್ದು ಕೈತೊಳೆಯಲು ಹೋದರು.

ಯಾಕೆ ಹಾಗೆ ಹೇಳಿದೆನೋ, ನನಗೇ ಗೊತ್ತಿಲ್ಲ. ಕೆಲಸಕ್ಕೆಂದು ಸೀಟನ್ನು ಹಿಂದಕ್ಕೆ ತಳ್ಳಿದ್ದೆವು, ಅಳತೆ ತಪ್ಪಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಸರಿ, ಅಳತೆ ತಪ್ಪಲಿ. ಕೆಳಗಿರುವುದು ಪೆಡಲೋ ಮ್ಯಾಟೋ ಎಂದು ಕಾಲಿಗೆ ಗೊತ್ತಾಗಬೇಡವೇ? ಅಂಗಡಿಗೆ ಬರುವ ಸಕ್ಕರೆ ಕಾಯಿಲೆಯವರು ಅಂಗಾಲು ಜೋಮು ಹಿಡಿದಿದೆ, ಹತ್ತಿಯ ಮೇಲೆ ನಡೆದ ಹಾಗಾಗುತ್ತದೆ ಎನ್ನುತ್ತಾರೆ. ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದು ದೊಡ್ಡ ಉಪದೇಶ ಮಾಡಿ ಕಳಿಸುವವಳು ನಾನು. ಅದೇ ನಾನು, ಮೊನ್ನೆ ಅಪ್ಪ ಬಲಗಾಲಿನ ಚಪ್ಪಲಿಯನ್ನು ಗೇಟಿನಲ್ಲೇ ಕಳಚಿಕೊಂಡು, ಅದು ಗೊತ್ತೇ ಇಲ್ಲದೆ ಒಳಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮುಖಕ್ಕೆ ಮುಖ ಕೊಟ್ಟು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಪಾಠ ಹೇಳುವಾಗ ಶಿಷ್ಯರ ಪಕ್ಕದಲ್ಲಿ, ಮೇಷ್ಟ್ರಿಗೆಂದೇ ಇದ್ದ ಎರಡನೆಯ ಬ್ರೇಕಿನ ಮೇಲೆ ಸದಾ ಕಾಲಿಟ್ಟುಕೊಂಡು ಕೂತಿದ್ದವರು ಅವರು. ಆ ಕಾಲು ಎಷ್ಟು ಜನರನ್ನು ಉಳಿಸಿದೆಯೋ. ಟಿವಿಯಲ್ಲಿ ಕಾರು ಜೋರಾಗಿ ಹೋದರೂ ಸೋಫಾದ ಮುಂದಿನ ನೆಲ ಒತ್ತುತ್ತಾರೆ ಎಂದು ನೀನೇ ರೇಗಿಸುತ್ತಿದ್ದೆ. ಆ ಕಾಲನ್ನು ಇನ್ನು ನಂಬಬೇಡಿ ಎಂದು ನಾನು ಹೇಗೆ ಹೇಳಲಿ? ಹೇಳಿದರೂ "ಮೊದ್ಲು ನೀನು ಕ್ಲಚ್ ಬಿಡೋದು ಕಲಿ" ಅನ್ನುತ್ತಾರೆ. ನೀನು ಹೇಳಿದರೆ ಗೊಣಗಿಕೊಂಡಾದರೂ ಕೇಳುತ್ತಾರೆ. ಇವತ್ತು ಟೈರಿಗೆ ಗಾಳಿ ಹಾಕಿಸಲು ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಹೋಗಿದ್ದರು. ಬರುವ ತನಕ ನಾನು ಗೇಟು ಹಿಡಿದುಕೊಂಡೇ ನಿಂತಿದ್ದೆ. ಬರುವಾಗ ನಿನ್ನ ಬೆನ್ನಿಗೆಂದು ಒಂದು ದಿಂಬು ಬೇರೆ ತಂದಿದ್ದಾರೆ. ಭಾನುವಾರ ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ನಿಲ್ಲಿಸಿ ನಿನಗೆ ಕಾಫಿ ಕುಡಿಸುವುದು, ಬಾಯಿ ಬಿಟ್ಟರೆ ಅದೇ ಮಾತು. ಏನಾದರೂ ಒಂದು ಉಪಾಯ ಮಾಡು ಅಮ್ಮಾ, ನನಗೆ ತಲೆಯೇ ಓಡುತ್ತಿಲ್ಲ.

ಅಕ್ಕನನ್ನೂ ಭಾವನನ್ನೂ ಕೇಳಿದೆನೆಂದು ಹೇಳು. ಮಗುವಿನ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು. ಮಾತ್ರೆ ಮರೆಯಬೇಡ, ಭಾರ ಎತ್ತಬೇಡ.

ನಿನ್ನ,
ಗುಬ್ಬಿ

ತಾ.ಕ.: ಕವರು ಅಂಟಿಸಿ ಟೈಲರ್ ಮಾಮನಿಗೆ ಕೊಡಲು ಹೊರಟವಳು ಮತ್ತೆ ಹರಿದು ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ. ಅಂಗಳದಲ್ಲಿ ಅಪ್ಪ ಕಾರಿನ ಬಾಗಿಲು ತೆಗೆದುಕೊಂಡು ಕೂತಿದ್ದರು. ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿಟ್ಟು, ಬರಿಗಾಲಲ್ಲಿ ಬ್ರೇಕ್ ಒತ್ತಿ ಬಗ್ಗಿ ನೋಡುವುದು, ಕಣ್ಣು ಮುಚ್ಚಿಕೊಂಡು ಮತ್ತೆ ಒತ್ತುವುದು, ಮತ್ತೆ ಬಗ್ಗಿ ನೋಡುವುದು. ನನ್ನನ್ನು ಕಂಡು, "ನಿನ್ನೆ ಒತ್ತಿದ್ದು ನೀನು ಅಲ್ವಾ" ಎಂದರು. ಆಮೇಲೆ ಅವರೇ ಹೇಳಿದರು: "ಕಿಟ್ ತಂದಿದ್ದು ಮಂಡಿಗಲ್ಲ ಕಣೇ. ಆಕ್ಸಿಲರೇಟರ್ ಎಷ್ಟು ಒತ್ತಿದೀನಿ ಅಂತ ಕಾಲಿಗೆ ಗೊತ್ತಾಗ್ತಿರಲಿಲ್ಲ. ಬ್ರೇಕ್ ಆದ್ರೂ ಗೊತ್ತಾಗುತ್ತೆ ಅಂದ್ಕೊಂಡಿದ್ದೆ." ನನಗೆ ಅಳು ಬಂತು. ಕೀಲಿ ಕೊಡಿ ಎಂದೆ. "ನಿಮ್ಮಮ್ಮನಿಗೆ ಬರೀಬೇಡ. ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದೀನಿ, ಭಾನುವಾರ ಒಂದೇ ಒಂದು ಸಲ ಹೋಗಿ ಬಂದ್ಬಿಡ್ತೀನಿ. ಆಮೇಲೆ ಕೀಲಿ ನಿನ್ನ ಕೈಗೇ ಕೊಡ್ತೀನಿ" ಎಂದರು. ಆ ಒಂದು ಸಲ ಅವರ ಪಕ್ಕದ ಸೀಟಿನಲ್ಲಿ ಕೂರುವವಳು ನೀನು, ಅಮ್ಮಾ. ಅವರು ಇಲ್ಲಿಂದ ಹೊರಡುವ ಮೊದಲೇ, ಶನಿವಾರದ ಬಸ್ಸಿಗೆ ನೀನೇ ಬಂದುಬಿಡು. ಯಾಕೆ ಬಂದೆ ಎಂದು ಕೇಳಿದರೆ, ನಿಮ್ಮನ್ನು ನೋಡಬೇಕು ಅನ್ನಿಸಿತು ಅನ್ನು.