ಬರೀ ಗಾಜು

ಹಾಸ್ಟೆಲ್ ಕೋಣೆ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೆಬ್ಬೆರಳಿನ ಗಾಯ ಒಣಗಿತೇ? ಒಣಗಿತು ಎಂದು ಸುಳ್ಳು ಬರೆಯಬೇಡ, ಅಮ್ಮ ಫೋನಿನಲ್ಲಿ ನಿನ್ನ ಬಂಡವಾಳವನ್ನೆಲ್ಲ ಬಯಲು ಮಾಡಿದ್ದಾಳೆ. ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ನನಗಾಗಿ ಇನ್ನೂ ಐವತ್ತು ಗಾಜಿನ ತುಂಡು ಕತ್ತರಿಸಿದೆಯಂತೆ. ಅಂಗಡಿಯಲ್ಲಿ ಕಟ್ಟು ಹಾಕಬೇಕಾದ ಫೋಟೋಗಳೇ ರಾಶಿ ಬಿದ್ದಿರುವಾಗ ಯಾಕಪ್ಪಾ ಈ ಹಟ? ಬೇಡ ಅನ್ನಲು ಆಗ ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನಿನ್ನ ಗಾಜನ್ನು ತೊಳೆದು, ಒಂದು ಮುಖಕ್ಕೆ ಬೀಜದ ಹಾಗೆ ಸತುವಿನ ಆಕ್ಸೈಡಿನ ಸಣ್ಣ ಕಣ ಹಚ್ಚಿ, ಆ ಮುಖ ಕೆಳಗಾಗುವಂತೆ ದ್ರಾವಣದಲ್ಲಿ ಮುಳುಗಿಸಿ, ಓವನ್ನಿನಲ್ಲಿ ತೊಂಬತ್ತು ಡಿಗ್ರಿಯಲ್ಲಿ ಐದು ಗಂಟೆ ಇಡುವುದು. ಕಣ್ಣಿಗೆ ಕಾಣದ ನ್ಯಾನೋ ಕಡ್ಡಿಗಳು ಒತ್ತೊತ್ತಾಗಿ ಬೆಳೆಯುತ್ತವೆ. 'ನನ್ನ ಮಗಳು ಗಾಜಿಗೆ ಗಡ್ಡ ಬರಿಸ್ತಾಳೆ' ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದೆಯಲ್ಲ, ಅದೇ. ಅದರ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಹಸಿರು ಹೊಳಪು ಬರುತ್ತಿತ್ತು. ಕಡ್ಡಿಗಳದೇ ಹೊಳಪು ಎಂದು ನಾಲ್ಕು ವರ್ಷ ಅಳೆದೆ, ಲೇಖನ ಬರೆದೆ, ಅಚ್ಚಾದಾಗ ಕುಣಿದಾಡಿದೆ.

ಸೋಮವಾರ ಹೊಳಪು ಅಳೆಯುವ ಯಂತ್ರ ನೋಡಿಕೊಳ್ಳುವವರು ಕಡ್ಡಿಯೇ ಬೆಳೆಸದ ಗಾಜೊಂದನ್ನು ಸುಮ್ಮನೆ ಒಳಗಿಟ್ಟು ಅಳೆದರು. ಅದೇ ಹಸಿರು ಅಪ್ಪಾ! ಅಷ್ಟೇ ಪ್ರಖರ. ಇಷ್ಟು ವರ್ಷ ಹೊಳೆದದ್ದು ಗಾಜು, ನನ್ನ ಕಡ್ಡಿಗಳಲ್ಲ.

ಕಟ್ಟು ಹಾಕುವ ಮುನ್ನ ನೀನು ಖಾಲಿ ಗಾಜನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೀಯಲ್ಲ. ನನಗೆ ಗಾಜಿನ ಮೊದಲ ಪೊಟ್ಟಣ ಕೊಡುವಾಗಲೂ ಹೇಳಿದ್ದೆ: 'ಮೊದ್ಲು ಬರೀ ಗಾಜು ನೋಡ್ಕೋ ಪುಟ್ಟಿ, ಆಮೇಲೆ ಅದರ ಮೇಲಿನದು.' ನಾನು ನಕ್ಕುಬಿಟ್ಟೆ. ಹತ್ತೇ ನಿಮಿಷದ ಕೆಲಸ, ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾಡಲಿಲ್ಲ. ಈಗ ಗೈಡ್ ಮತ್ತು ನಾನು ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. ಮಹಾಪ್ರಬಂಧದಲ್ಲಿ ಉಳಿಯುವಂಥದ್ದು ಏನೂ ಇಲ್ಲ. ಊಟ ಸೇರುತ್ತಿಲ್ಲ, ಲ್ಯಾಬಿನ ಬಾಗಿಲವರೆಗೆ ಹೋಗಿ ವಾಪಸು ಬರುತ್ತೇನೆ. ಸಾಕಾಗಿಹೋಗಿದೆ ಅಪ್ಪಾ.

ಅಮ್ಮನಿಗೆ ನಾನೇ ಹೇಳುತ್ತೇನೆ. ನೀನು ಬೆರಳು ಒದ್ದೆ ಮಾಡಿಕೊಳ್ಳಬೇಡ.

ನಿನ್ನ
ಪುಟ್ಟಿ

ತಾ.ಕ.: ಅಂಗಡಿಯ ಗೋಡೆಗೆ ನನ್ನ ಲೇಖನದ ಮೊದಲ ಪುಟವನ್ನು ಕಟ್ಟು ಹಾಕಿ ತೂಗುಹಾಕಿದ್ದೀಯಲ್ಲ, ಅದನ್ನು ಇಳಿಸಿಬಿಡು. ಯಾರಾದರೂ ಕೇಳಿದರೆ ನನ್ನನ್ನು ಉಳಿಸಲು 'ನನ್ನ ಗಾಜೇ ಸರಿಯಿರಲಿಲ್ಲ' ಎಂದು ಹೇಳಿಬಿಡುತ್ತೀಯ, ನಿನ್ನನ್ನು ನಾನು ಬಲ್ಲೆ. ಹೇಳಬೇಡ. ಆ ಮಾತನ್ನು ನಾನೇ ಗೈಡ್ ಮುಂದೆ ಹೇಳಿ ಬಂದಿದ್ದೇನೆ. ಲೇಖನ ಅಚ್ಚಾದ ಪತ್ರಿಕೆಗೆ ಕಳಿಸುವ ಕಾಗದದಲ್ಲಿ ಅವರು ತಪ್ಪು ಗಾಜಿನದೇ ಎಂದು ಬರೆದರು. ನಾನು ಓದಿ ಸಹಿ ಹಾಕಿದೆ.