ಹಿಡಿದಿಟ್ಟ ಕುರ್ಚಿ

ಪುಟ್ಟಿ, ನಿನಗೂ ಅಳಿಯಂದಿರಿಗೂ ಅಮ್ಮನ ಪ್ರೀತಿ.

೧೪ ಮಾರ್ಚ್, ಗುರುವಾರ
ಚಿಕ್ಕಮ್ಮನ ಮನೆಯಿಂದ

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. "ಜುಜುಬಿ ಒಂದು ಕುರ್ಚಿಗೋಸ್ಕರ ಅಪ್ಪನ್ನ ಬಿಟ್ಟು ಬಂದ್ಯಾ ಅಮ್ಮ?" ಅಂದೆ. ಪಕ್ಕದಲ್ಲಿ ನಿನ್ನ ಚಿಕ್ಕಮ್ಮ ಬಟ್ಟೆ ಮಡಚುತ್ತ ಕಿವಿಯನ್ನು ಇತ್ತಲೇ ಇಟ್ಟಿದ್ದಳು. ಅದಕ್ಕೇ ಊಟ ಆಯಿತಾ ಎಂದು ಕೇಳಿ ಮಾತು ಮುಗಿಸಿದೆ. ಅಲ್ಲದೆ, ಬಾಯಲ್ಲಿ ಹೇಳಿದರೆ ನೀನು ಅರ್ಧಕ್ಕೇ ತಡೆದು ಅಪ್ಪನ ಪರ ವಕೀಲಿ ಶುರುಮಾಡುತ್ತೀಯ. ಕಾಗದಕ್ಕೆ ಆ ಕಷ್ಟವಿಲ್ಲ.

ನಾವು ಹಡಗಿನಿಂದ ಇಳಿದು ಒಂದು ತಿಂಗಳಾಯಿತು. ಅವತ್ತು ಬಂದರಿನಲ್ಲಿ ನಿಮ್ಮಪ್ಪ ಮನೆಗೆ ಟ್ಯಾಕ್ಸಿ ಹಿಡಿದರು, ನಾನು ನನ್ನ ಪೆಟ್ಟಿಗೆ ತೆಗೆದುಕೊಂಡು ಇಲ್ಲಿಗೆ ಬಂದೆ. ಇಲ್ಲಿಂದ ನನ್ನ ಔಷಧದ ಅಂಗಡಿಗೆ ನಡೆದೇ ಹೋಗಬಹುದು, ಕೆಲಸಕ್ಕೆ ತೊಂದರೆಯಾಗಿಲ್ಲ. ಈ ವಾರ ಮುಗಿಯುವುದರೊಳಗೆ ನಾನು ಮನೆಗೆ ಮರಳಬೇಕು, ಇಲ್ಲದಿದ್ದರೆ ನೀನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದೀಯ. ಮರಳುತ್ತೇನೋ ಇಲ್ಲವೋ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ನಡೆದದ್ದನ್ನು ಓದು.

ನಮ್ಮ ಮದುವೆಗೆ ಮೂವತ್ತು ವರ್ಷವಾಯಿತೆಂದು ಹಡಗಿನ ಟಿಕೆಟ್ ಕೊಡಿಸಿದವಳು ನೀನು. "ಮನೆ, ಅಂಗಡಿ ಎಲ್ಲಾ ಬಿಟ್ಟು ಇಬ್ಬರೂ ಒಂದಷ್ಟು ದಿನ ಜೊತೇಲಿರಿ" ಎಂದು ಕಳಿಸಿದೆ. ನಿನ್ನ ಮನಸ್ಸು ದೊಡ್ಡದು, ಅದರಲ್ಲಿ ತಪ್ಪು ಹುಡುಕುತ್ತಿಲ್ಲ. ಆದರೆ ಆ ಒಂದು ವಾರದಲ್ಲಿ ನಾನೂ ನಿಮ್ಮಪ್ಪನೂ ಒಂದು ಬೆಳಗ್ಗೆಯಾದರೂ ಜೊತೆಗೆ ಕೂತು ತಿಂಡಿ ತಿನ್ನಲಿಲ್ಲ. ಕಾರಣ ಕೇಳಿದರೆ ನಗುತ್ತೀಯ. ಒಬ್ಬರು ತಿನ್ನಲು ಹೋದರೆ ಇನ್ನೊಬ್ಬರು ಕುರ್ಚಿ ಕಾಯಬೇಕಿತ್ತು.

ಹಡಗಿನ ಮೇಲಿನ ಡೆಕ್ಕಿನಲ್ಲಿ ಈಜುಕೊಳದ ಸುತ್ತ ಒರಗುಕುರ್ಚಿಗಳನ್ನು ಹಾಕಿದ್ದಾರೆ. ನೀರಿಗೆ ಹತ್ತಿರ, ಅರ್ಧ ನೆರಳು ಇರುವ ಕುರ್ಚಿಗಳು ಕಡಿಮೆ. ಜನ ಬೆಳಗ್ಗೆಯೇ ಬಂದು ಟವಲ್ ಹಾಸಿ, ಚಪ್ಪಲಿಯನ್ನೋ ಪುಸ್ತಕವನ್ನೋ ಇಟ್ಟು ಹೋಗಿಬಿಡುತ್ತಾರೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕುರ್ಚಿ ಖಾಲಿ ಇದ್ದರೆ ಸಾಮಾನು ತೆಗೆದುಹಾಕಲಾಗುವುದು ಎಂದು ಅಲ್ಲೇ ದೊಡ್ಡ ಬೋರ್ಡಿದೆ. ಹೆಚ್ಚಿನವರು ಅದನ್ನು ಓದಿ, ಅದರ ಕೆಳಗೇ ಟವಲ್ ಹಾಸುತ್ತಾರೆ.

ನಿಮ್ಮಪ್ಪ ಬೋರ್ಡನ್ನು ಧಿಕ್ಕರಿಸುವವರಲ್ಲ. ಜೀವಮಾನವಿಡೀ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ಗಡಿಕಲ್ಲು ನೆಡಿಸಿದವರು. ನಿಯಮ ಎಂದರೆ ಅದರ ಅಂಚಿನವರೆಗೂ ಹೋಗಿ ನಿಲ್ಲುವವರು. ಮೊದಲ ದಿನವೇ ಎರಡು ಒಳ್ಳೆಯ ಕುರ್ಚಿ ಆರಿಸಿ, ಟವಲ್ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಬಟ್ಟೆಯ ಕ್ಲಿಪ್ಪು ಹಾಕಿದರು. ಕ್ಲಿಪ್ಪುಗಳನ್ನು ಮನೆಯಿಂದಲೇ ತಂದಿದ್ದರು. ಅರ್ಧ ಗಂಟೆ ತುಂಬುವ ಮೊದಲು ನಮ್ಮಲ್ಲಿ ಒಬ್ಬರು ಬಂದು ಕೂತು, ಎದ್ದು, ಮತ್ತೆ ಹೋಗಬೇಕು. ಹಾಗೆಂದು ಅವರ ಲೆಕ್ಕ. ಡೆಕ್ಕಿನ ಕೆಲಸದವನು ಎರಡು ದಿನ ನೋಡಿದ. ಮೂರನೆಯ ದಿನ ನನ್ನ ಹತ್ತಿರ ಬಂದು, "ಸುತ್ತಲೂ ಸಮುದ್ರ ಇದೆ ಅಮ್ಮ, ಕುರ್ಚಿ ಎಲ್ಲಿಗೆ ಓಡಿಹೋಗುತ್ತೆ? ನೀವು ಹೋಗಿ ಬಿಸಿ ಕಾಫಿ ಕುಡೀರಿ" ಅಂದ. ನಾನು ನಕ್ಕು ಅಲ್ಲೇ ಕೂತೆ.

ಅದೇ ದಿನ ಕೈಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಪಕ್ಕದ ಕುರ್ಚಿ ತೋರಿಸಿ, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು. ನಿಮ್ಮಪ್ಪ ತಿಂಡಿಗೆ ಹೋಗಿದ್ದರು. ಈಗ ಬರುತ್ತಾರೆ ಎಂದೆ. ಅವಳು ಟವಲನ್ನು ನೋಡಿದಳು, ನಾಲ್ಕು ಕ್ಲಿಪ್ಪುಗಳನ್ನೂ ನೋಡಿದಳು. "ಸರಿ ಬಿಡಿ, ನೆರಳಲ್ಲಿ ಮಲಗೋ ಯೋಗ ಟವಲ್ಲಿಗಿದೆ, ನಮಗಿಲ್ಲ" ಎಂದು ಮಗುವಿನ ತಲೆಗೆ ಸೆರಗು ಮುಚ್ಚಿಕೊಂಡು ಹೋದಳು. ನಿಮ್ಮಪ್ಪ ಬಂದಮೇಲೆ ಇದನ್ನು ಹೇಳಿದೆ. "ಕೊಡಲಿಲ್ಲ ತಾನೆ?" ಎಂದು ಕೇಳಿದರು. ಕೊಡಲಿಲ್ಲ ಎಂದೆ. "ಹಾಂ" ಅಂದರು, ಸಮಾಧಾನವಾಗಿ.

ಹಡಗಿನಲ್ಲಿ ನನಗೆ ಒಬ್ಬ ಗೆಳತಿ ಸಿಕ್ಕಿದ್ದರು. ನಿವೃತ್ತಿಯಾದ ಮೇಡಂ, ಒಬ್ಬರೇ ಬಂದಿದ್ದರು. ನಾನು ಟೀಚರಮ್ಮ ಎಂದೇ ಕರೆಯುತ್ತಿದ್ದೆ. ಆಕೆ ಎಲ್ಲೂ ಜಾಗ ಹಿಡಿಯುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು, ಎಲ್ಲಿ ಖಾಲಿ ಇದೆಯೋ ಅಲ್ಲಿ ಹೋಗಿ "ಕೂರಲಾ?" ಎಂದು ಕೇಳಿ ಕೂರುತ್ತಿದ್ದರು. ದಿನಾ ಹೊಸಬರ ಜೊತೆ ಊಟ, ದಿನಾ ಹೊಸ ಕಥೆ. ಒಂದು ಸಲ ನಮ್ಮ ಮೇಜಿಗೂ ಬಂದರು. ನಿಮ್ಮಪ್ಪ ತಮ್ಮ ಕ್ಯಾಪನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಯಾರೋ ಬರುವವರಿದ್ದಾರೆ ಎಂದರು. ಯಾರೂ ಬರುವವರಿರಲಿಲ್ಲ. ಕಿಟಕಿಯ ಪಕ್ಕ ಕೈಕಾಲು ಚಾಚಿ ಕೂರಲು ಜಾಗ ಬೇಕಿತ್ತು, ಅಷ್ಟೆ. ಟೀಚರಮ್ಮ ಕ್ಯಾಪಿಗೆ ಕೈಮುಗಿದು, "ಸಾಹೇಬ್ರು ಊಟ ಮಾಡ್ಲಿ" ಎಂದು ಮುಂದಿನ ಮೇಜಿಗೆ ಹೋದರು. ನನಗೆ ನಗು ಬಂತು. ನಿಮ್ಮಪ್ಪನಿಗೆ ಬರಲಿಲ್ಲ.

ಇದೆಲ್ಲ ಸಣ್ಣ ವಿಷಯ, ನನಗೂ ಗೊತ್ತು. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವವರ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ಟವಲ್ಲಿಗೆ ಬೇಸತ್ತು ಯಾರೂ ಗಂಡನನ್ನು ಬಿಡುವುದಿಲ್ಲ. ಇನ್ನು ಆ ಸಂಜೆಯ ವಿಷಯಕ್ಕೆ ಬರುತ್ತೇನೆ.

ಇಳಿಯುವ ಹಿಂದಿನ ದಿನ ಹಡಗಿನ ಥಿಯೇಟರಿನಲ್ಲಿ ಜಾದೂ ಪ್ರದರ್ಶನವಿತ್ತು. ಎಲ್ಲರೂ ಅದಕ್ಕೇ ಕಾದಿದ್ದರು. ಬಾಗಿಲು ತೆರೆಯುವ ಹೊತ್ತಿಗೇ ನಿಮ್ಮಪ್ಪ ಹೋಗಿ ಮೂರನೇ ಸಾಲಿನ ಮಧ್ಯದಲ್ಲಿ ಎರಡು ಸೀಟು ಹಿಡಿದರು. ನಾನು ಸ್ನಾನ ಮಾಡಿ ಸೀರೆ ಬದಲಾಯಿಸಿ ಬರುವುದೆಂದು ಮಾತಾಗಿತ್ತು. ಕೋಣೆಯಲ್ಲಿ ಸೆರಗಿಗೆ ಪಿನ್ನು ಹಾಕುವಾಗ ಎದೆ ಬಿಗಿಯಿತು. ಬೆವರು ಕಿತ್ತುಕೊಂಡು ಬಂತು. ಎಡಗೈ ಭಾರವಾಯಿತು. ಔಷಧದ ಅಂಗಡಿಯಲ್ಲಿ ನಿಂತು ಇಷ್ಟು ವರ್ಷ ಎಷ್ಟು ಜನರ ಬಾಯಲ್ಲಿ ಇದನ್ನು ಕೇಳಿಲ್ಲ. ಪಿನ್ನನ್ನು ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಲಿಫ್ಟಿಗೆ ಹೋಗಿ, ಕೆಳಗಿನ ಅಂತಸ್ತಿನಲ್ಲಿದ್ದ ಆಸ್ಪತ್ರೆಗೆ ಒಬ್ಬಳೇ ಇಳಿದೆ.

ನರ್ಸು ಮಂಚದ ಮೇಲೆ ಮಲಗಿಸಿ, "ಜೊತೇಲಿ ಯಾರಿದ್ದಾರೆ?" ಎಂದು ಕೇಳಿದಳು.

"ನಮ್ಮೆಜಮಾನ್ರು ಮೇಲಿದ್ದಾರೆ. ಸೀಟು ಹಿಡ್ಕೊಂಡಿದ್ದಾರೆ" ಎಂದೆ.

ಅವಳಿಗೆ ನಗು ಬಂತು. ನನ್ನ ಮುಖ ನೋಡಿ ನುಂಗಿಕೊಂಡಳು. ಥಿಯೇಟರಿಗೆ ಫೋನ್ ಮಾಡಿ, ಅಲ್ಲಿ ಜನರಿಗೆ ಸೀಟು ತೋರಿಸುವ ಹೆಂಗಸಿಗೆ ವಿಷಯ ತಿಳಿಸಿದಳು. ಮೂರನೇ ಸಾಲಿನ ಮಧ್ಯದಲ್ಲಿ, ಪಕ್ಕದ ಸೀಟಿನ ಮೇಲೆ ಕೋಟು ಇಟ್ಟುಕೊಂಡು ಕೂತಿರುವವರು ಎಂದು ಗುರುತು ಹೇಳಿಕೊಟ್ಟವಳು ನಾನೇ. ಅಷ್ಟರಲ್ಲಿ ಡಾಕ್ಟರು ನನ್ನ ಎದೆಗೆ ವೈರು ಅಂಟಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ನರ್ಸು ಕೇಳಿಸಿಕೊಂಡು, ರಿಸೀವರಿನ ಮೇಲೆ ಕೈ ಮುಚ್ಚಿ ಡಾಕ್ಟರ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ.

"ಏನಂದ್ರು?" ಎಂದು ನಾನೇ ಕೇಳಿದೆ.

"ಗ್ಯಾಸ್ ಇರಬೇಕಂತೆ ಅಮ್ಮ. ಆಗಾಗ ಆಗುತ್ತಂತೆ. ಒಂದು ಮಾತ್ರೆ ಕೊಟ್ಟು ಕಳಿಸಿ, ಶೋ ಶುರುವಾಗೋಷ್ಟರಲ್ಲಿ ಬಂದ್ಬಿಡ್ಲಿ ಅಂದ್ರಂತೆ. ಈಗ ಎದ್ದರೆ ಎರಡೂ ಸೀಟು ಹೋಗುತ್ತಂತೆ."

ಅವಳು ಪಾಪ, ಒಂದೊಂದು ಮಾತಿಗೂ ಒಂದೊಂದು 'ಅಂತೆ' ಸೇರಿಸಿ ಹೇಳಿದಳು. ತನ್ನ ಮಾತಲ್ಲ ಎಂದು ನನಗೆ ಗೊತ್ತಾಗಲಿ ಎಂದು.

ಎದೆ ಹಗುರವಾದ ಮೇಲೆ ಮೇಲಕ್ಕೆ ಹೋದೆ. ಪ್ರದರ್ಶನ ಶುರುವಾಗಿತ್ತು. ಬಾಗಿಲ ಹತ್ತಿರ ಟೀಚರಮ್ಮ ಕೂತಿದ್ದರು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಕೊಟ್ಟರು. ಅಲ್ಲಿಂದ ನಿಮ್ಮಪ್ಪನ ತಲೆ, ಭುಜ, ನನ್ನ ಸೀಟಿನ ಮೇಲಿನ ಕೋಟು ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಜಾದೂಗಾರ ಏನು ಮಾಡಿದನೋ ಗೊತ್ತಿಲ್ಲ. ನಾನು ನೋಡಿದ್ದು ಮೂರನೇ ಸಾಲನ್ನು. ಯಾರೋ ಗಂಡ ಹೆಂಡತಿ ಬಂದು ಬಗ್ಗಿ ಕೇಳಿದರು. ಕೋಲು ಹಿಡಿದ ಒಬ್ಬ ಮುದುಕರು ಕೇಳಿದರು. ಪ್ರತಿ ಸಲವೂ ನಿಮ್ಮಪ್ಪ ಆ ಸೀಟಿನ ಮೇಲೆ ಅಂಗೈ ಊರಿ ತಲೆಯಾಡಿಸಿದರು. ಜಾಗ ಕೇಳಲು ಯಾರು ಬರುತ್ತಿದ್ದಾರೆಂದು ಅಕ್ಕಪಕ್ಕ ನೋಡುತ್ತಿದ್ದರು. ಬಾಗಿಲ ಕಡೆ ಒಂದು ಸಲವೂ ತಿರುಗಲಿಲ್ಲ. ತಿರುಗಿದ್ದರೆ ನಾನು ಕಾಣುತ್ತಿದ್ದೆ. ತಿರುಗಿದ್ದರೆ ಹೋಗಿ ಕೂರುತ್ತಿದ್ದೆನೋ ಏನೋ. ಅಷ್ಟಕ್ಕೂ ನಾನು ತಯಾರಾಗಿದ್ದೆ, ಪುಟ್ಟಿ.

ಆಮೇಲೆ ಕೋಣೆಗೆ ಬಂದು ಅವರು ಆಡಿದ ಮೊದಲ ಮಾತು ಕೇಳು. "ಯಾಕೆ ಬರಲಿಲ್ಲ? ಕೊನೇವರೆಗೂ ಬಿಡಲಿಲ್ಲ ನಾನು. ಎಷ್ಟು ಜನ ಬಂದು ಕೇಳಿದ್ರು ಗೊತ್ತಾ?"

ಮುಖದಲ್ಲಿ ಅಷ್ಟೊಂದು ಹೆಮ್ಮೆಯಿತ್ತು. ನಾಟಕವಲ್ಲ. ನನಗಾಗಿ ಯಾರ್ಯಾರನ್ನೋ ಎದುರುಹಾಕಿಕೊಂಡೆ ಎಂದು ನಿಜವಾಗಿ ನಂಬಿದ್ದರು. ಏನಾಗಿತ್ತು ಎಂದು ಕೇಳಿದರು. ಗ್ಯಾಸಂತೆ ಎಂದೆ. "ನಾನು ಹೇಳಲಿಲ್ವಾ" ಎಂದು ಕೋಟನ್ನು ಕೊಡವಿ ನೇತುಹಾಕಿದರು.

ಈಗ ನಿನಗೂ ಅವರು ಇದನ್ನೇ ಹೇಳುತ್ತಿರಬೇಕು. ಗ್ಯಾಸೇ ತಾನೆ ಆಗಿದ್ದು, ಅದಕ್ಕೆ ಇಷ್ಟು ರಂಪವಾ ಎಂದು. ಅವರ ಊಹೆ ಸರಿಯೋ ತಪ್ಪೋ ಎಂಬುದು ನನಗೆ ಮುಖ್ಯವಲ್ಲ. ಹೆಂಡತಿಯ ಎದೆನೋವಿನ ಸುದ್ದಿ ಕಿವಿಗೆ ಬಿದ್ದಾಗ ಅವರು ಅದರ ಎದುರಿಗೆ ಎರಡು ಸೀಟು ಇಟ್ಟು ತೂಗಿದರು. ತೂಗಿ ಕೂತರು. ಎದ್ದು ಬಂದು, ಗ್ಯಾಸೆಂದು ತಿಳಿದು, ನನ್ನ ಮೇಲೆ ರೇಗಿದ್ದರೂ ನಾನು ಅವರ ಜೊತೆಯಲ್ಲೇ ಮನೆಗೆ ಹೋಗುತ್ತಿದ್ದೆ.

ಹೋದ ವಾರ ಇಲ್ಲಿಗೂ ಬಂದಿದ್ದರು. ನಿನ್ನ ಚಿಕ್ಕಪ್ಪ ಒಳಗೆ ಕರೆದರೂ ಬರದೆ ಗೇಟಿನಲ್ಲೇ ನಿಂತು ಹೇಳಿದರು. "ನಿನ್ನ ಬೀರು ಮುಟ್ಟಿಲ್ಲ, ಮಂಚದಲ್ಲಿ ನಿನ್ನ ಪಕ್ಕಕ್ಕೆ ಹೊರಳಿಲ್ಲ. ನಿನ್ನ ಜಾಗ ನಿನಗೇ ಇದೆ, ಯಾವಾಗ ಬೇಕಾದ್ರೂ ಬಾ." ಅದನ್ನು ಕೇಳಿ ನಿನ್ನ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಇಷ್ಟು ಒಳ್ಳೆ ಮನುಷ್ಯ ಎಲ್ಲಿ ಸಿಗುತ್ತಾನೆ, ನಿನಗೆ ಕೊಬ್ಬು ಎಂದು ನನ್ನನ್ನೇ ಬೈದಳು. ಆ ಮನುಷ್ಯ ಹೇಗಿದ್ದೀಯ ಎಂದು ಕೇಳಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ನಾನು ಎತ್ತಿ ತೋರಿಸಲೂ ಇಲ್ಲ. ಯಾರ ಹತ್ತಿರ ಎಂದು ಹೇಳಿಕೊಂಡು ತಿರುಗಲಿ.

ಆದ್ದರಿಂದ ಉತ್ತರ ಇಷ್ಟೇ. ನಾನು ಮರಳುವುದಿಲ್ಲ. ಈ ವಾರವೂ ಇಲ್ಲ, ಅವರು ಬಂದು ಕಾಲಿಗೆ ಬಿದ್ದರೂ ಇಲ್ಲ. ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಖಾಲಿಯಾಗುವುದರಲ್ಲಿದೆ, ನೋಡಿ ಬಂದಿದ್ದೇನೆ. ನಿಮ್ಮಪ್ಪನ ಮೇಲೆ ನೀನು ಕೋಪ ಮಾಡಿಕೊಳ್ಳಬೇಡ. ಅವರಿಗೆ ಬೇಯಿಸಿಕೊಳ್ಳಲು ಬರುತ್ತದೆ, ಬಟ್ಟೆ ಒಗೆದುಕೊಳ್ಳಲೂ ಬರುತ್ತದೆ. ನನ್ನ ಬೀರು, ಮಂಚದಲ್ಲಿ ನನ್ನ ಪಕ್ಕ ಎಲ್ಲವನ್ನೂ ಚೆನ್ನಾಗಿ ಕಾಯುತ್ತಾರೆ. ಕಾಯಲಿ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಅವರ ಎದುರಿಗೆ ಈ ಕಾಗದ ಓದಬೇಡ.

ಸಿಟ್ಟು ನಿನ್ನ ಮೇಲಲ್ಲ,
ಅಮ್ಮ

ಮತ್ತೊಂದು ಮಾತು: ಅವತ್ತು ಕೋಣೆಯಲ್ಲಿ ನಿಮ್ಮಪ್ಪನಿಗೆ ಗ್ಯಾಸಂತೆ ಎಂದದ್ದು ನನ್ನದೇ ಮಾತು. ಹಡಗಿನ ಡಾಕ್ಟರು ಹಾಗೆ ಹೇಳಲಿಲ್ಲ. ಇಸಿಜಿ ಪಟ್ಟಿಯಲ್ಲಿ ಗೆರೆ ಸರಿಯಾಗಿಲ್ಲ, ರಾತ್ರಿ ಇಲ್ಲೇ ಇರಿ ಎಂದರು. ನನ್ನ ಜವಾಬ್ದಾರಿಯ ಮೇಲೆ ಹೋಗುತ್ತೇನೆಂದು ಸಹಿ ಹಾಕಿ ಎದ್ದೆ. ನಿಮ್ಮಪ್ಪ ಎದ್ದು ಬರದೆ ಕೂತಿರುವುದನ್ನು ನನಗೆ ಕಣ್ಣಾರೆ ನೋಡಬೇಕಿತ್ತು. ಇಲ್ಲಿಗೆ ಬಂದಮೇಲೆ ಹೃದಯದ ಡಾಕ್ಟರಿಗೆ ತೋರಿಸಿದೆ. ರಕ್ತನಾಳ ಕಟ್ಟಿಕೊಂಡಿರಬಹುದಂತೆ. ಬರುವ ಬುಧವಾರ ಬೆಳಗ್ಗೆ ದೊಡ್ಡಾಸ್ಪತ್ರೆಯಲ್ಲಿ ಸೇರಿಸಿಕೊಂಡು ಒಳಗಿನಿಂದ ನೋಡುತ್ತಾರೆ. ಚಿಕ್ಕಮ್ಮನಿಗೂ ಹೇಳಿಲ್ಲ. ನಿಮ್ಮಪ್ಪನಿಗೆ ಖಂಡಿತ ತಿಳಿಸಬೇಡ. ತಿಳಿದರೆ ಬೆಳಕು ಹರಿಯುವ ಮೊದಲೇ ಬಂದು ಹೊರಗಿನ ಬೆಂಚಿನಲ್ಲಿ ನಿನಗೂ ಸೇರಿಸಿ ಜಾಗ ಹಿಡಿಯುತ್ತಾರೆ. ನರ್ಸು ಒಳಗೆ ಕರೆದಾಗ ಏಳುವುದಿಲ್ಲ. ನೀನು ಬಾ. ಹೊರಗೆ ಕೂರಬೇಡ, ನೇರ ಒಳಗೆ ಬಾ.