ಮಷೀನು ಅವರಿಗೆ, ಡಿಸ್ಕು ನನಗೆ

ಮಾರ್ಚ್ ೧೪, ಶುಕ್ರವಾರ

ಅಂಗಡಿಯಿಂದ ತಂದ ಸಿನಿಮಾ ಡಿಸ್ಕುಗಳೆಲ್ಲ ಓಡುತ್ತವೆ. ಮಗಳ ಬಾಲ್ಯವಿರುವ ಆರು ಡಿಸ್ಕು ಮಾತ್ರ ಈ ಹಾಳು ಹೊಸ ಡಿವಿಡಿ ರೆಕಾರ್ಡರಿನಲ್ಲಿ ಜಪ್ಪಯ್ಯ ಅಂದರೂ ಓಡುವುದಿಲ್ಲ. ಒರೆಸಿದೆ, ಬೈದೆ, ಕೊನೆಗೆ ರಿಪೇರಿಯವನನ್ನು ಕರೆಸಿದೆ.

"ಮಷೀನು ಚೆನ್ನಾಗೇ ಇದೆ ಮೇಡಂ. ರೆಕಾರ್ಡ್ ಮಾಡಿದವ್ರು ಕೊನೇಲಿ ಫೈನಲೈಸ್ ಮಾಡಿಲ್ಲ, ಅಂದ್ರೆ ಬೇರೆ ಮಷೀನಲ್ಲೂ ಓಡೋ ಹಾಗೆ ಡಿಸ್ಕನ್ನ ಮುಗಿಸಿಲ್ಲ ಅಷ್ಟೆ. ರೆಕಾರ್ಡ್ ಮಾಡಿದ ಆ ಹಳೇ ಮಷೀನಲ್ಲೇ ಹಾಕಿ ಮಾಡಿಸ್ಬಿಡಿ, ಆಮೇಲೆ ಎಲ್ಲಾದ್ರೂ ಓಡುತ್ತೆ."

ಹಳೆಯದು ಮಗಳ ಅಪ್ಪನ ಮನೆಯಲ್ಲಿದೆ. ಡೈವೋರ್ಸ್ ಆದಾಗ ಜಗಳವಿಲ್ಲದೆ ಹಂಚಿಕೊಂಡಿದ್ದೆವು: ಮಷೀನು ಅವರಿಗೆ, ಡಿಸ್ಕು ನನಗೆ. ನಾನೇ ಗೆದ್ದೆ ಅಂದುಕೊಂಡಿದ್ದೆ.

ಫೋನ್ ಮಾಡಿದೆ. "ಭಾನುವಾರ ಬಾ. ಒಂದಕ್ಕೆ ಹತ್ತು ನಿಮಿಷ ಸಾಕು, ಆರೂ ಒಟ್ಟಿಗೇ ತಗೊಂಡು ಬಾ" ಎಂದರು. ಫೋನಿನಲ್ಲಿ ಅವರ ಮನೆಯೂ ಇಲ್ಲಿಯಷ್ಟೇ ನಿಶ್ಶಬ್ದವಾಗಿ ಕೇಳಿಸಿತು.

ಚೀಲದಲ್ಲಿ ಒಂದೇ ಡಿಸ್ಕು ಇಟ್ಟಿದ್ದೇನೆ. ಉಳಿದವು ಮನೆಯಲ್ಲೇ ಮರೆತೆ ಎಂದರೆ ನಂಬುತ್ತಾರೋ ಏನೋ. ಪ್ರತಿ ಭಾನುವಾರವೂ ಹೀಗೇ ಮರೆತರೆ, ಆರು ಭಾನುವಾರ ಸಿಗುತ್ತವೆ.